ಬಳ್ಳಾರಿ ಜಾಲಿಯ ದಾಯಾದಿಗಳು

ಬೆಳಗ್ಗೆ ಏಳು ಗಂಟೆ. ಮೇ ತಿಂಗಳು ಮುಗಿಯುತ್ತ ಬಂದಿದೆ. ಅರಿಜೋನಾದ ಫೀನಿಕ್ಸ್ ನಗರ. ಪಾಪಾಗೋ ಪಾರ್ಕ್‌ನ ಕೆಂಪು ಬಂಡೆಗುಡ್ಡಗಳ ನೆತ್ತಿಗೆ ಬಿಸಿಲು ತಾಗಿದೆ, ಬುಡದಲ್ಲಿ ಇನ್ನೂ ತಂಪಿದೆ. ಡೆಸರ್ಟ್ ಬೊಟಾನಿಕಲ್ ಗಾರ್ಡನ್ ಈಗಷ್ಟೇ ಬಾಗಿಲು ತೆರೆದಿದೆ. ವಿಮಾನ ನಿಲ್ದಾಣ ಹತ್ತಿರದಲ್ಲೇ ಇರುವುದರಿಂದ ತಲೆಯ ಮೇಲೆ ಒಂದರ ಹಿಂದೆ ಒಂದು ವಿಮಾನ ಇಳಿಯುತ್ತಿದೆ. ಆ ಸದ್ದು ಅಡಗಿದಾಗಲೆಲ್ಲ ಪೊದೆಗಳ ಒಳಗಿಂದ ಲಾವಕ್ಕಿಗಳ ಕೂಗು ಕೇಳುತ್ತದೆ.

ಜೊತೆಗೆ ದೊಡ್ಡಮ್ಮ ಇದ್ದಾರೆ. ಹಿರಿಯೂರು ಕಡೆಯವರು. ಮಗ ಪಕ್ಕದ ಊರಾದ ಚಾಂಡ್ಲರ್‌ನ ಚಿಪ್ ಕಾರ್ಖಾನೆಯಲ್ಲಿದ್ದಾನೆ. ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು. ಸೀರೆಯ ಕೆಳಗೆ ಸೊಸೆ ಕೊಡಿಸಿದ ಬಿಳಿ ಶೂ.

"ಮುಳ್ಳು ನೋಡೋಕೆ ದುಡ್ಡು ಬೇರೆ ಕೊಡಬೇಕೇನಪ್ಪ?" ಎಂದು ಟಿಕೆಟ್ ಕಿಟಕಿಯ ಮುಂದೆಯೇ ಕೇಳುತ್ತಾರೆ. ಕಿಟಕಿಯ ಆಚೆಗಿನ ಹುಡುಗಿಗೆ ಅರ್ಥವಾಗಿಲ್ಲ, ಮುಗುಳ್ನಗುತ್ತಾಳೆ.

ಒಳಗೆ ಹೋಗುವಾಗ ಎದುರಾಗುವುದು ಡೇಲ್ ಚಿಹೂಲಿ ಎಂಬ ಗಾಜಿನ ಕಲಾವಿದ ಮಾಡಿದ ಗೋಪುರಗಳು. ಹಸಿರು ಹಳದಿ ಗಾಜಿನ ಮೊನೆಗಳು ಆಕಾಶಕ್ಕೆ ಚುಚ್ಚಿ ನಿಂತಿವೆ. ಜನ ಫೋಟೊ ತೆಗೆಸಿಕೊಳ್ಳುವುದು ಇಲ್ಲಿಯೇ. ಹತ್ತು ಹೆಜ್ಜೆ ಮುಂದೆ ನಿಜವಾದ ಕತ್ತಾಳೆ ಇದೆ. ಬೂದಿ ಬಳಿದ ನೀಲಿ ಬಣ್ಣ, ಅಂಚಿನುದ್ದಕ್ಕೂ ಕಪ್ಪು ಹಲ್ಲು. ಪ್ರತಿ ಎಲೆಯ ಬೆನ್ನಿನ ಮೇಲೂ ಅದನ್ನು ಅಪ್ಪಿಕೊಂಡಿದ್ದ ಹಿಂದಿನ ಎಲೆಯ ಹಲ್ಲಿನ ಅಚ್ಚು. ಇದನ್ನು ನೋಡಿದ ಮೇಲೆ ಗಾಜು ಸಪ್ಪೆ ಎನಿಸುತ್ತದೆ.

ಕಾಲುದಾರಿ ಅಗಲವಾಗಿದೆ, ಗಾಲಿ ಕುರ್ಚಿಯವರೂ ಸಲೀಸಾಗಿ ಬರಬಹುದು. ಒಟ್ಟು 140 ಎಕರೆ ಜಾಗ. ಅದರಲ್ಲಿ ತೋಟ ಮಾಡಿ ಬೆಳೆಸಿರುವುದು 55 ಎಕರೆ. ಅಷ್ಟರಲ್ಲೇ 50,000ಕ್ಕೂ ಹೆಚ್ಚು ಗಿಡಗಳು. ಮರುಭೂಮಿ ಎಂದಾಗ ರಾಜಸ್ಥಾನದ ಮರಳ ದಿಬ್ಬಗಳನ್ನು ನೆನೆಯುವ ನಮಗೆ ಇಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ದಟ್ಟಣೆ. ಮರದ ಕೆಳಗೆ ಪೊದೆ, ಪೊದೆಯ ಕೆಳಗೆ ಕಳ್ಳಿ, ಕಳ್ಳಿಯ ಸಂದಿಯಲ್ಲಿ ಗೂಡು. ಬರಿ ನೆಲ ಹುಡುಕಿದರೂ ಸಿಗುವುದು ಕಷ್ಟ. ಇದು ಸೊನೋರಾ ಮರುಭೂಮಿ. ಫೀನಿಕ್ಸ್‌ಗೆ ವರ್ಷಕ್ಕೆ ಸುಮಾರು 18 ಸೆಂಟಿಮೀಟರ್ ಮಳೆ. ನಮ್ಮ ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಆದರೆ ಇಲ್ಲಿ ಮಳೆ ಎರಡು ಸಲ ಬರುತ್ತದೆ. ಚಳಿಗಾಲದಲ್ಲಿ ಸೋನೆ, ಬೇಸಿಗೆಯ ಕೊನೆಗೆ ಗುಡುಗು ಸಹಿತ ಆರ್ಭಟ. ಎರಡನೆಯದನ್ನು ಇಲ್ಲಿನವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅದರ ಅಧಿಕೃತ ಋತು. ಈ ಎರಡು ಮಳೆಯ ದಯೆಯಿಂದಲೇ ಇದು ಜಗತ್ತಿನ ಅತ್ಯಂತ ಹಸಿರಾದ ಮರುಭೂಮಿಗಳಲ್ಲಿ ಒಂದು.

ದೊಡ್ಡಮ್ಮ ತಟ್ಟನೆ ನಿಲ್ಲುತ್ತಾರೆ. ಎದುರಿಗೆ ಒಂದು ಮರ. ಸೊಟ್ಟ ಕಾಂಡ, ಬಿರುಕು ಬಿಟ್ಟ ಕಪ್ಪು ತೊಗಟೆ, ಸಣ್ಣ ಎಲೆ, ನೇತಾಡುವ ಹಸಿರು ಕಾಯಿ.

"ಅಲ್ಲಪ್ಪಾ, ಇದು ನಮ್ಮ ಬಳ್ಳಾರಿ ಜಾಲಿ ಕಣೋ! ಇದಕ್ಕೂ ಬೋರ್ಡ್ ಹಾಕವ್ರಾ?"

ಹೆಚ್ಚುಕಡಿಮೆ ಹೌದು. ಇದು ವೆಲ್ವೆಟ್ ಮೆಸ್ಕೀಟ್, ಬಳ್ಳಾರಿ ಜಾಲಿಯ ದಾಯಾದಿ. ನಮ್ಮ ಜಾಲಿಯ ಮೂಲವೂ ಅಮೆರಿಕ ಖಂಡವೇ. 1870ರ ದಶಕದಲ್ಲಿ ಉರುವಲಿಗೆಂದು ಭಾರತಕ್ಕೆ ಬೀಜ ಬಂತು. ಆಮೇಲಿನ ಕಥೆಯನ್ನು ಬಯಲುಸೀಮೆಯಲ್ಲಿ ಯಾರಿಗೂ ಹೇಳಬೇಕಿಲ್ಲ. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲವೂ ಅದರ ಪಾಲಾಯಿತು. ಇಲ್ಲಿ ನೋಡಿದರೆ ಅದೇ ವಂಶದ ಮರ ಎಷ್ಟು ಸಭ್ಯವಾಗಿ ನಿಂತಿದೆ. ಹಳ್ಳ ಇರುವ ಕಡೆ ದೊಡ್ಡದಾಗಿ, ಇಲ್ಲದ ಕಡೆ ಕುಳ್ಳಾಗಿ. ಅದರ ಕಾಯಿ ಕೊರೆಯುವ ಹುಳುಗಳು ಇಲ್ಲಿ ಹಿಂದಿನಿಂದಲೂ ಇವೆ, ಕಾಯಿ ತಿನ್ನುವ ಪ್ರಾಣಿಗಳೂ ಇವೆ, ತಿನ್ನುವ ಮನುಷ್ಯರೂ ಇದ್ದಾರೆ.

ಮನುಷ್ಯರು ತಿನ್ನುವುದು ಹೇಗೆಂದು ತಿಳಿಯಲು ಇನ್ನೊಂದು ಕವಲು ಹಿಡಿಯಬೇಕು. ಸೊನೋರಾ ಮರುಭೂಮಿಯ ಗಿಡಗಳು ಮತ್ತು ಜನರ ದಾರಿ ಅದು. ಇಲ್ಲಿ ಹುಲ್ಲು ಹೊದಿಸಿದ ದುಂಡನೆಯ ಗುಡಿಸಲು ಇದೆ, ಕಡ್ಡಿಗಳ ಚಪ್ಪರ ಇದೆ, ಬೀಸುವ ಕಲ್ಲು ಇದೆ. ಮೆಸ್ಕೀಟ್ ಕಾಯಿ ಒಣಗಿದ ಮೇಲೆ ಬೀಜ ಬಿಟ್ಟು ಸಿಪ್ಪೆಯ ಸಹಿತ ಕುಟ್ಟಿ ಹಿಟ್ಟು ಮಾಡುತ್ತಾರೆ. ಸಕ್ಕರೆ ಬೇಕಿಲ್ಲ, ಹಿಟ್ಟೇ ಸಿಹಿ. ಗೋಧಿ ಬರುವ ಎಷ್ಟೋ ಕಾಲದ ಹಿಂದಿನಿಂದ ಇಲ್ಲಿನ ಮೂಲನಿವಾಸಿಗಳ ಆಹಾರ ಇದು. ದೊಡ್ಡಮ್ಮ ಬಾಗಿ ಬಿದ್ದಿರುವ ಒಂದು ಒಣ ಕಾಯಿ ಮೂಸುತ್ತಾರೆ. "ಮೇಕೆ ತಿಂತಾವೆ, ಅದೂ ಬಾಯಿ ಚಪ್ಪರಿಸಿಕೊಂಡು. ನಾವೇ ತಿನ್ನಲಿಲ್ಲ ನೋಡು."

ಅದೇ ದಾರಿಯಲ್ಲಿ ಪಾಪಾಸುಕಳ್ಳಿಯ ಒಂದು ಮೆಳೆ. ಅದರ ಕೆಲವು ಚಪ್ಪಟೆ ಹಲ್ಲೆಗಳ ಮೇಲೆ ಬಿಳಿ ಹತ್ತಿ ಅಂಟಿಕೊಂಡಂತಿದೆ. ಕಡ್ಡಿಯಲ್ಲಿ ಒಂದು ಚೂರು ತೆಗೆದು ಕಾಗದದ ಮೇಲೆ ತಿಕ್ಕಿದರೆ ಗಾಢ ಕೆಂಪು ಹರಡುತ್ತದೆ, ರಕ್ತಕ್ಕಿಂತ ಕೆಂಪು. ಹತ್ತಿಯ ಒಳಗೆ ಅವಿತಿರುವ ಕೊಚಿನೀಲ್ ಹುಳುವಿನ ಬಣ್ಣ. ಯುರೋಪಿನ ದೊರೆಗಳ ನಿಲುವಂಗಿಗೂ ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟಿಗೂ ಬಳಿದದ್ದು ಇದನ್ನೇ. ಸ್ಪೇನಿನವರ ಕೈಯಲ್ಲಿದ್ದ ಈ ವ್ಯಾಪಾರವನ್ನು ಕಿತ್ತುಕೊಳ್ಳಲು ಈಸ್ಟ್ ಇಂಡಿಯಾ ಕಂಪನಿ ಪಟ್ಟ ಪಾಡು ಒಂದು ಕಾದಂಬರಿಗೆ ಸಾಕು. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯ ಕಳ್ಳಿಯ ತೋಟವನ್ನೇ ಎಬ್ಬಿಸಿದ. 1795ರಲ್ಲಿ ಬ್ರೆಜಿಲ್‌ನಿಂದ ಹುಳುವೂ ಬಂತು, ಆದರೆ ಬಂದದ್ದು ಕಾಡು ಜಾತಿ. ಬಣ್ಣ ಕಳಪೆ, ಹಸಿವು ಮಾತ್ರ ಅಪಾರ. ಹಾಕಿದ ಕಳ್ಳಿಯನ್ನೇ ತಿಂದು ಮುಗಿಸಿತು. ಇನ್ನೊಂದು ಜಾತಿಯ ಕಳ್ಳಿ ದಕ್ಷಿಣ ಭಾರತದ ಹೊಲ, ಬೇಲಿ, ಕೋಟೆಯ ಕಂದಕಗಳಲ್ಲೆಲ್ಲ ಹಬ್ಬಿ ಕೂತಿತ್ತು. 1926ರಲ್ಲಿ ಸಿಲೋನಿನಿಂದ ಬೇರೊಂದು ಕೊಚಿನೀಲ್ ಹುಳು ತಂದು ಬಿಟ್ಟ ಮೇಲೆ ಅದೂ ಕರಗಿತು.

ದೊಡ್ಡಮ್ಮನ ಅಜ್ಜಿ ಊರ ಸುತ್ತಲಿನ ಕಳ್ಳಿಬೇಲಿ ನೋಡನೋಡುತ್ತ ಒಣಗಿ ಹೋದದ್ದನ್ನು ಹೇಳುತ್ತಿದ್ದರಂತೆ. ಮಾರಿಯ ಮುನಿಸು ಎಂದು ಅಂದುಕೊಂಡಿದ್ದರಂತೆ. ಮಾರಿ ಇಲ್ಲಿ ಹಲ್ಲೆಯ ಮೇಲೆ ಬಿಳಿ ಮುಸುಕು ಹೊದ್ದು ಮಲಗಿದೆ. ಈ ಮೆಳೆಯನ್ನು ಅದು ಪೂರ್ತಿ ತಿಂದಿಲ್ಲ; ಇಲ್ಲಿ ಹುಳುವನ್ನು ತಿನ್ನುವ ಹುಳುವೂ ಇದೆ.

ಹತ್ತಿರ ಹೋದಿರಿ, ಸರಿ. ಮುಟ್ಟಬೇಡಿ. ಪಾಪಾಸುಕಳ್ಳಿಯ ದೊಡ್ಡ ಮುಳ್ಳು ಲೆಕ್ಕಕ್ಕಿಲ್ಲ. ಅದರ ಬುಡದಲ್ಲಿ ಕಂದು ಪುಡಿಯ ಹಾಗೆ ಕಾಣುವ ಕೂದಲುಮುಳ್ಳು ಚರ್ಮಕ್ಕೆ ಹೊಕ್ಕರೆ ಕಣ್ಣಿಗೂ ಕಾಣುವುದಿಲ್ಲ, ಎರಡು ದಿನ ಬಿಡುವುದೂ ಇಲ್ಲ. ಮುಳ್ಳಿನ ಬುಡವನ್ನು ಕಣ್ಣಿಟ್ಟು ನೋಡಿ. ಉಣ್ಣೆಯ ಒಂದು ಪುಟ್ಟ ಗುಂಡಿ ಇದೆ. ಎಲ್ಲ ಮುಳ್ಳೂ ಹೂವೂ ಹುಟ್ಟುವುದು ಆ ಗುಂಡಿಯಿಂದ. ಅದಿದ್ದರೆ ಮಾತ್ರ ಕ್ಯಾಕ್ಟಸ್. ನಮ್ಮ ಮುಂಡುಗಳ್ಳಿ, ಕೊಂಬುಕಳ್ಳಿಗಳಿಗೆ ಅದಿಲ್ಲ. ಅವು ಗೀರಿದರೆ ಹಾಲು ಸುರಿಸುವ ಬೇರೆಯೇ ಕುಲ. ತೋಟದ ಇನ್ನೊಂದು ಮಗ್ಗುಲಲ್ಲಿ ಆಫ್ರಿಕಾದಿಂದ ತಂದ ಆ ಕುಲದವೂ ಇವೆ. ಖಂಡ ಬೇರೆ, ಕುಲ ಬೇರೆ, ಮೈಕಟ್ಟು ಮಾತ್ರ ಒಂದೇ. ನೀರು ಕಡಿಮೆಯಾದಾಗ ಗಿಡಗಳಿಗೆ ಹೊಳೆಯುವ ಉಪಾಯಗಳು ಹೆಚ್ಚಿಲ್ಲ ಎಂದು ತೋರುತ್ತದೆ.

ಮುಂದಿನದು ಚೋಯಾ ಎಂಬ ಕ್ಯಾಕ್ಟಸ್‌ಗಳ ಗುಂಪು. ಬೆಳಗಿನ ಓರೆ ಬಿಸಿಲು ಹಿಂದಿನಿಂದ ಬಿದ್ದು ಮುಳ್ಳೆಲ್ಲ ಬಂಗಾರದ ರೋಮವಾಗಿ ಹೊಳೆಯುತ್ತಿದೆ. ಟೆಡ್ಡಿ ಬೇರ್ ಎಂಬ ಮುದ್ದಿನ ಹೆಸರು ಬೇರೆ. ಒಂದು ತುಂಡು ಸುಮ್ಮನೆ ತಾಗಿದರೂ ಗೆಣ್ಣಿನಲ್ಲಿ ಕಳಚಿಕೊಂಡು ನಿಮ್ಮ ಜೊತೆ ಬರುತ್ತದೆ. ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆಗಳಿರುವುದರಿಂದ ಕೈಯಿಂದ ಕಿತ್ತರೆ ಆ ಕೈಗೂ ಅಂಟುತ್ತದೆ. ಇಲ್ಲಿ ಗುಡ್ಡ ಹತ್ತುವವರು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುತ್ತಾರೆ. ಅದನ್ನು ತುಂಡಿನ ಕೆಳಗೆ ತೂರಿಸಿ ಚಿಮ್ಮಿದರೆ ಮುಗಿಯಿತು. ಕಳಚಿದ ತುಂಡು ಬಿದ್ದಲ್ಲಿ ಬೇರು ಬಿಡುತ್ತದೆ. ಚುಚ್ಚಿಸಿಕೊಂಡವರು ಬಯ್ಯುತ್ತ ಹೊತ್ತೊಯ್ದು ಹೊಸ ಜಾಗದಲ್ಲಿ ನೆಟ್ಟ ಹಾಗಾಯಿತು. ಇಂಥ ಗಿಡದ ನಟ್ಟನಡುವೆ ಕ್ಯಾಕ್ಟಸ್ ರೆನ್ ಎಂಬ ಚುಕ್ಕೆಯೆದೆಯ ಹಕ್ಕಿ, ಅರಿಜೋನಾದ ರಾಜ್ಯಪಕ್ಷಿ, ಹುಲ್ಲಿನ ಗೂಡು ಕಟ್ಟಿದೆ. ನುಗ್ಗುತ್ತದೆ, ಬರುತ್ತದೆ, ಮೈಗೆ ಒಂದು ಗೀರಿಲ್ಲ.

ಈಗ ಸವಾರೋ ಎಂಬ ದೈತ್ಯ ಕ್ಯಾಕ್ಟಸ್. ಇಷ್ಟು ಹೊತ್ತೂ ಎಲ್ಲ ಕಡೆ ತಲೆಯ ಮೇಲೆ ನಿಂತೇ ಇದ್ದವು. ಬುಡಕ್ಕೆ ಬಂದು ಕತ್ತೆತ್ತಿದಾಗಲೇ ಅಂದಾಜು ಸಿಗುವುದು. ಹನ್ನೆರಡು ಮೀಟರ್ ಎತ್ತರದ ಹಸಿರು ಕಂಬ, ಎರಡು ಮೂರು ಕೈ. ಕಂಬದುದ್ದಕ್ಕೂ ಮಡಿಕೆಗಳು. ಮಳೆ ಬಂದಾಗ ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ನೀರು ತುಂಬಿಕೊಳ್ಳುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ. ತುಂಬಿದ ಮೇಲೆ ತೂಕ ಟನ್ನುಗಟ್ಟಲೆ. ಆದರೂ ಬಹುಪಾಲು ಬೇರುಗಳು ಗೇಣುದ್ದ ಆಳಕ್ಕೂ ಇಳಿಯುವುದಿಲ್ಲ. ಮೈ ಎಷ್ಟು ಎತ್ತರವೋ ಸುತ್ತ ಅಷ್ಟು ದೂರ ಹರಡಿ, ಮಣ್ಣಿನ ಮೇಲ್ಪದರ ನೆನೆದ ಕೂಡಲೇ ಹೀರುತ್ತವೆ. ನಾವು ನಿಂತಿರುವ ದಾರಿಯ ಅಡಿಯಲ್ಲೂ ಹಾದಿರಬೇಕು.

ಈ ಗಿಡದ ವಯಸ್ಸಿನ ಲೆಕ್ಕ ಕೇಳಿ. ಬೀಜ ಮೊಳೆತು ಹತ್ತು ವರ್ಷವಾದರೂ ಎತ್ತರ ಕೆಲವು ಸೆಂಟಿಮೀಟರ್ ಅಷ್ಟೇ. ಮೊದಲ ಹೂವಿಗೆ ಸುಮಾರು 35 ವರ್ಷ. ಮೊದಲ ಕೈ ಒಡೆಯಲು 50ರಿಂದ 100 ವರ್ಷ. ಆಯಸ್ಸು 150 ದಾಟುತ್ತದೆ, 200ರ ಹತ್ತಿರವೂ ಹೋಗುತ್ತದೆ. ಒಂದು ಹಣ್ಣಿನಲ್ಲಿ ಎರಡು ಸಾವಿರದಷ್ಟು ಬೀಜ ಇದ್ದರೂ ಬದುಕುವುದು ಯಾವುದೋ ಮರದ ನೆರಳಿಗೆ ಬಿದ್ದ ಒಂದೋ ಎರಡೋ. ಪಾಲೋ ವೆರ್ಡೆ ಎಂಬ, ತೊಗಟೆಯೇ ಹಸಿರಾಗಿರುವ ಮರ ಹೆಚ್ಚಾಗಿ ಈ ತಾಯ್ತನ ಹೊರುತ್ತದೆ. ಬಿಸಿಲು, ಚಳಿ, ಇಲಿಯ ಹಲ್ಲು ಮೂರರಿಂದಲೂ ಕಾಯುತ್ತದೆ. ದಾರಿಯ ಬಲಕ್ಕೆ ನೋಡಿ, ಹಳದಿ ಹೂವುದುರಿಸಿ ನಿಂತಿರುವ ಮುದಿ ಪಾಲೋ ವೆರ್ಡೆಯ ಕೊಂಬೆಗಳನ್ನು ಸೀಳಿಕೊಂಡು ಒಂದು ಸವಾರೋ ಮೇಲೆದ್ದಿದೆ. ಇನ್ನು ಕೆಲವು ದಶಕಗಳಲ್ಲಿ ಅದು ಬುಡದ ನೀರನ್ನೆಲ್ಲ ಹೀರುತ್ತ ಮರವನ್ನೇ ಒಣಗಿಸಬಹುದು. ದೊಡ್ಡಮ್ಮ ಇದನ್ನು ಕೇಳಿ ಏನೂ ಹೇಳುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನೀರು ಕೊಡು ಇಲ್ಲಿ," ಎನ್ನುತ್ತಾರೆ.

ಒಂದು ಸವಾರೋದ ಕೈ ಎಂದೋ ಹೆಪ್ಪುಗಟ್ಟಿದ ಚಳಿಗೆ ಸಿಕ್ಕು ಜೋತುಬಿದ್ದಿದೆ. ತುದಿ ಮಾತ್ರ ಮತ್ತೆ ಮೇಲಕ್ಕೆ ತಿರುಗಿ ನಮ್ಮ ಮುಖದ ಮಟ್ಟದಲ್ಲಿ ನಿಂತಿದೆ. ಅದರ ನೆತ್ತಿಯಲ್ಲಿ ಹೂ. ಮೇಣದಂಥ ಬಿಳಿ ದಳಗಳು, ನಡುವೆ ಒತ್ತೊತ್ತಾದ ನೂರಾರು ಕೇಸರಗಳು, ಅವುಗಳ ನಡುವೆ ಮುಳುಗಿ ಹಳದಿ ಪುಡಿ ಮೆತ್ತಿಕೊಂಡ ಜೇನ್ನೊಣ. ಮೂಗು ಹತ್ತಿರ ಒಯ್ದರೆ ಕಳಿತ ಕರಬೂಜದ ವಾಸನೆ. ನಿನ್ನೆ ಹೊತ್ತು ಮುಳುಗಿದ ಮೇಲೆ ಅರಳಿದ್ದು, ಇವತ್ತು ಮಧ್ಯಾಹ್ನ ಮುಚ್ಚಿಕೊಳ್ಳುತ್ತದೆ. ಮತ್ತೆ ಅರಳುವುದಿಲ್ಲ. ದಕ್ಷಿಣಕ್ಕೆ, ಮೆಕ್ಸಿಕೋ ಗಡಿಯ ಕಡೆ ರಾತ್ರಿ ಪಾಳಿಗೆ ಉದ್ದ ಮೂತಿಯ ಬಾವಲಿಗಳು ಬರುತ್ತವೆ. ಅಳಿವಿನ ಅಂಚಿಗೆ ಹೋಗಿದ್ದ ಆ ಬಾವಲಿಯನ್ನು 2018ರಲ್ಲಿ ಅಮೆರಿಕ ಸರ್ಕಾರ ಅಪಾಯದ ಪಟ್ಟಿಯಿಂದ ತೆಗೆಯಿತು. ಇಲ್ಲಿ ಹಗಲು ಪಾಳಿಯ ಬಿಳಿರೆಕ್ಕೆ ಪಾರಿವಾಳ ಮತ್ತು ಜೇನ್ನೊಣಗಳದೇ ಕಾರುಬಾರು.

ಸ್ವಲ್ಪ ಮೇಲೆ ಕಂಬದಲ್ಲಿ ದುಂಡನೆಯ ತೂತುಗಳು. ಗಿಲಾ ಮರಕುಟಿಗ ಕೊರೆದದ್ದು. ಕೊರೆದ ಕೂಡಲೇ ಸಂಸಾರ ಹೂಡುವುದಿಲ್ಲ. ಒಳಗೆ ಗಾಯ ಒಣಗಿ ಗಟ್ಟಿ ಗೋಡೆಯಾಗುವವರೆಗೆ ತಿಂಗಳುಗಟ್ಟಲೆ ಕಾಯುತ್ತದೆ. ಅದು ಬಿಟ್ಟು ಹೋದ ಮನೆಗೆ ಎಲ್ಫ್ ಗೂಬೆ ಬರುತ್ತದೆ. ಸುಮಾರು 40 ಗ್ರಾಂ ತೂಕದ, ಜಗತ್ತಿನ ಅತ್ಯಂತ ಹಗುರ ಗೂಬೆ. ಸವಾರೋ ಸತ್ತು ಕೊಳೆತು ಹೋದರೂ ಆ ಗೋಡೆ ಮಾತ್ರ ಗಟ್ಟಿ ಸಿಪ್ಪೆಯಾಗಿ ನೆಲದ ಮೇಲೆ ಉಳಿಯುತ್ತದೆ. ಹಿಂದೆ ಜನ ಅದರಲ್ಲಿ ನೀರು ತುಂಬಿಡುತ್ತಿದ್ದರು.

ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರಿಗೆ ಸವಾರೋ ಬರಿ ಗಿಡವಲ್ಲ. ಹೊರಗಿನವರು ಇಟ್ಟ ಪಾಪಾಗೋ ಎಂಬ ಹೆಸರನ್ನು ಅವರು 1986ರಲ್ಲಿ ಅಧಿಕೃತವಾಗಿ ಕೈಬಿಟ್ಟರು. ಪಾರ್ಕಿನ ಹೆಸರು ಮಾತ್ರ ಹಾಗೇ ಉಳಿದಿದೆ. ಜೂನ್ ಕೊನೆಗೆ ಸವಾರೋ ಹಣ್ಣು ಕೆಂಪಗೆ ಬಿರಿದಾಗ ಅವರ ಹೊಸ ವರ್ಷ. ಸತ್ತ ಸವಾರೋದ ಎಲುಬುಗಳನ್ನೇ ಜೋಡಿಸಿ ಮಾಡಿದ ಉದ್ದನೆಯ ಗಳದಿಂದ ಹಣ್ಣು ಉದುರಿಸುತ್ತಾರೆ. ತಿರುಳನ್ನು ಕುದಿಸಿ ಪಾಕ ಮಾಡುತ್ತಾರೆ, ಒಂದಷ್ಟನ್ನು ಹುಳಿ ಬರಿಸಿ ಮದ್ಯ ಮಾಡುತ್ತಾರೆ. ಊರೆಲ್ಲ ಸೇರಿ ಅದನ್ನು ಕುಡಿದು ಹಾಡಿದರೆ ಮಳೆ ಬರುತ್ತದೆ ಎಂಬುದು ಸಂಪ್ರದಾಯ. ದೊಡ್ಡಮ್ಮನಿಗೆ ಇದರಲ್ಲಿ ಅಚ್ಚರಿ ಏನೂ ಇಲ್ಲ. "ನಾವು ಮಳೆರಾಯನ್ನ ಹೊತ್ತು ತಿರುಗಲ್ವೇನೋ? ಎಲ್ಲಾ ಕಡೆ ಒಂದೇ ಕಣಪ್ಪ, ಬರದಿದ್ರೆ ಕರೀಬೇಕು."

ಹತ್ತು ಗಂಟೆಯಾಗುತ್ತಿದೆ. ಲಾವಕ್ಕಿಗಳು ಸುಮ್ಮನಾಗಿವೆ. ನೆರಳು ಕಂಡಲ್ಲೆಲ್ಲ ಜನ ನಿಂತಿದ್ದಾರೆ. ಎದುರಿಗೆ 1939ರ ವೆಬ್‌ಸ್ಟರ್ ಸಭಾಂಗಣ, ದಪ್ಪ ಮಣ್ಣುಬಣ್ಣದ ಗೋಡೆಗಳದು. ಅದರ ಮಗ್ಗುಲಲ್ಲಿ ಕೂರಲು ಜಾಗ ಸಿಗುತ್ತದೆ. 1930ರ ದಶಕದಲ್ಲಿ ಗುಸ್ತಾಫ್ ಸ್ಟಾರ್ಕ್ ಎಂಬ ಸ್ವೀಡನ್ ಮೂಲದ ಸಸ್ಯಪ್ರೇಮಿ 'ಮರುಭೂಮಿ ಉಳಿಸಿ' ಎಂದು ಬರೆದು, ತನ್ನ ಮನೆಯ ಕಡೆಗೆ ಬಾಣದ ಗುರುತು ಹಾಕಿದ ಬೋರ್ಡ್ ನೆಟ್ಟ. ಹಾಗೆ ಕೂಡಿಕೊಂಡವರಲ್ಲಿ ಗರ್ಟ್ರೂಡ್ ಡಿವೈನ್ ವೆಬ್‌ಸ್ಟರ್ ಎಂಬ ಶ್ರೀಮಂತ ಮಹಿಳೆ ಇದ್ದರು. ಹಣವೂ ಹಟವೂ ಅವರದು. 1939ರಲ್ಲಿ ತೋಟ ತೆರೆಯಿತು. ಮರುವರ್ಷದ ಜನಗಣತಿಯಲ್ಲಿ ಫೀನಿಕ್ಸ್‌ನ ಜನಸಂಖ್ಯೆ 65 ಸಾವಿರ. ಈಗ 16 ಲಕ್ಷ ದಾಟಿದೆ. ಆ ಬೋರ್ಡ್ ನೆಟ್ಟ ಹೊತ್ತು ಸರಿಯಾಗಿತ್ತು. ಇದೇ ಪಾರ್ಕನ್ನು 1914ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಸಾರಿ, 1930ರಲ್ಲಿ ಅಮೆರಿಕದ ಸಂಸತ್ತೇ ಆ ಪಟ್ಟವನ್ನು ಕಿತ್ತುಕೊಂಡಿತ್ತು.

ಪಾರ್ಕಿನ ಇನ್ನೊಂದು ಕಥೆ ಹೇಳದೆ ಏಳಲಾಗದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಜರ್ಮನ್ ಯುದ್ಧಕೈದಿಗಳ ಶಿಬಿರ ಇತ್ತು. 1944ರ ಡಿಸೆಂಬರ್‌ನಲ್ಲಿ 25 ಮಂದಿ ಸುರಂಗ ತೋಡಿ ಪಾರಾದರು. ಅವರಲ್ಲಿ ಮೂವರು ನಕ್ಷೆಯಲ್ಲಿ ನದಿಯ ನೀಲಿ ಗೆರೆ ನೋಡಿ, ಮೆಕ್ಸಿಕೋಗೆ ತೇಲಿಕೊಂಡು ಹೋಗೋಣವೆಂದು ಮಡಚುವ ದೋಣಿಯನ್ನು ಗುಟ್ಟಾಗಿ ಕಟ್ಟಿದ್ದರು. ದೋಣಿ ಹೊತ್ತು ದಡ ಮುಟ್ಟಿದಾಗ ಕಂಡದ್ದು ಕೆಸರು ಮತ್ತು ಮರಳು. ಕೊನೆಗೆ ಎಲ್ಲರೂ ಸಿಕ್ಕಿಬಿದ್ದರು. ವೇದಾವತಿಯ ದಂಡೆಯಲ್ಲಿ ಬೆಳೆದ ದೊಡ್ಡಮ್ಮ ಈ ಕಥೆಗೆ ನಕ್ಕಷ್ಟು ಬೇರೆ ಯಾವುದಕ್ಕೂ ನಗಲಿಲ್ಲ.

ತಿರುಗಿ ಬರುವ ದಾರಿಯಲ್ಲಿ ಒಂದು ದೊಡ್ಡ ಸವಾರೋ ಇದ್ದ ಜಾಗದಲ್ಲಿ ಬರಿ ಬುಡ ಇದೆ. ಮರುಭೂಮಿಯ ಗಿಡಕ್ಕೂ ಬಿಸಿಲು ಹೆಚ್ಚಾಗುತ್ತದೆಯೇ? ಆಗುತ್ತದೆ. ಸವಾರೋ ಹಗಲು ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ರಾತ್ರಿ ತಂಪಾಗದಿದ್ದರೆ ಆ ವ್ಯವಸ್ಥೆಯೇ ಕೆಡುತ್ತದೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಹಗಲಿಡೀ ಕಾದ ಕಾಂಕ್ರೀಟು, ಡಾಂಬರು ರಾತ್ರಿಯೂ ಬಿಸಿ ಉಗುಳುತ್ತಿದ್ದವು. ಆಗ ಈ ತೋಟದಲ್ಲಿ ನೂರು ವರ್ಷದ ಸವಾರೋಗಳು ಕೈ ಕಳಚಿದವು, ಒಳಗೇ ಕೊಳೆತು ಉರುಳಿದವು. ಅನುಮತಿ ಇಲ್ಲದೆ ಒಂದು ಸವಾರೋ ಕಡಿದರೆ ಅರಿಜೋನಾದಲ್ಲಿ ಅಪರಾಧ. ನಗರದ ಬಿಸಿಗೆ ಮಾತ್ರ ಯಾವ ಕಾನೂನೂ ಅನ್ವಯಿಸುವುದಿಲ್ಲ.

ಚಾಂಡ್ಲರ್, ಗಿಲ್ಬರ್ಟ್, ಟೆಂಪಿಯ ಕನ್ನಡ ಕುಟುಂಬಗಳಿಗೆ ಒಂದು ಮಾತು. ಊರಿಂದ ಬಂದ ಅಪ್ಪ ಅಮ್ಮನನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದೊಯ್ಯುತ್ತೀರಿ, ಮಾಲ್‌ಗೆ ಕರೆದೊಯ್ಯುತ್ತೀರಿ. ಇಲ್ಲಿಗೂ ಕರೆತನ್ನಿ, ಅದರಲ್ಲೂ ಅವರು ಬಯಲುಸೀಮೆಯವರಾದರೆ. ಬೋರ್ಡ್ ಓದಿ ನಿಮಗೆ ತಿಳಿಯುವುದಕ್ಕಿಂತ ಹೆಚ್ಚನ್ನು ಅವರು ಗಿಡ ನೋಡಿಯೇ ಹೇಳುತ್ತಾರೆ. ಬೇಸಿಗೆಯಲ್ಲಿ ಏಳಕ್ಕೇ ಬಾಗಿಲು ತೆರೆಯುತ್ತದೆ. ಹತ್ತರೊಳಗೆ ಮುಗಿಸಿ, ತಲೆಗೊಂದು ಟೋಪಿ, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಇರಲಿ. ಒಂದೇ ದಾರಿ ನಡೆಯುವಷ್ಟು ಹೊತ್ತಿದ್ದರೆ ಗಿಡಗಳು ಮತ್ತು ಜನರ ದಾರಿಯನ್ನೇ ಹಿಡಿಯಿರಿ. ಸವಾರೋ ಹೂ ನೋಡಬೇಕೆಂದರೆ ಮೇ ತಿಂಗಳಲ್ಲೇ ಬರಬೇಕು, ಅದೂ ಮಧ್ಯಾಹ್ನದೊಳಗೆ.